ಬೀಳದ ಸಿಡಿಲು

ನಾನು ಕೋರ್ ಕಟಿಂಗ್ ಕೆಲಸದವನು. ಕಟ್ಟಿ ಮುಗಿದ ಗೋಡೆಗೆ, ಸ್ಲ್ಯಾಬಿಗೆ ದುಂಡಗೆ ತೂತು ಕೊರೆಯುವುದು ನನ್ನ ಕೆಲಸ. ಪೈಪು ಹೋಗಬೇಕಾದ ಜಾಗ ಬಿಡುವುದನ್ನು ಯಾರೋ ಮರೆತಿರುತ್ತಾರೆ, ಆಮೇಲೆ ನಮ್ಮನ್ನು ಕರೆಯುತ್ತಾರೆ. ವಿಶಾಖಪಟ್ಟಣದ ಹತ್ತಿರ ಪರವಾಡದ ಔಷಧಿ ಫ್ಯಾಕ್ಟರಿಗಳಲ್ಲಿ ನಾನು ಕೊರೆಯದ ಗೋಡೆ ಕಡಿಮೆ. ತೂತಿನಿಂದ ಹೊರಗೆ ಬರುವ ದುಂಡನೆಯ ತುಂಡಿಗೆ ಕೋರ್ ಅನ್ನುತ್ತೇವೆ. ನಮಗೆ ಅದು ಕಸ. ಮುರಿದರೂ ಸರಿ, ಪುಡಿಯಾದರೂ ಸರಿ, ಉಳಿಯಿಂದ ಮೀಟಿ ತೆಗೆದು ಮೂಲೆಗೆ ಎಸೆಯುತ್ತೇವೆ. ತೂತು ಸರಿಯಾಗಿದ್ದರೆ ಮುಗಿಯಿತು.

ಅಕ್ಕನ ಕೆಲಸ ಇದಕ್ಕೆ ಉಲ್ಟಾ. ಅವರಿಗೆ ತೂತು ಬೇಡ, ಕೋರ್ ಬೇಕು. ಇಷ್ಟು ಸಣ್ಣ ಮಾತು ನನ್ನ ತಲೆಯೊಳಗೆ ಹೋಗಿತ್ತು, ಕೈಗೆ ಮಾತ್ರ ಇಳಿದಿರಲಿಲ್ಲ. ನಾನು ಮಾಡಿದ ತಪ್ಪಿಗೆ ಇದೊಂದೇ ಕಾರಣ ಅಂತ ಹೇಳಿಕೊಳ್ಳುವುದಿಲ್ಲ. ಇದೂ ಒಂದು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಮ್ಮಪ್ಪ ಬಾಗಲಕೋಟೆ ಕಡೆಯವರು, ನೇವಿಯಲ್ಲಿದ್ದರು. ನಾನು ಏಳನೇ ಕ್ಲಾಸಿನವರೆಗೆ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಯಲ್ಲಿ ಓದಿದೆ. ಆಮೇಲೆ ವಿಶಾಖಪಟ್ಟಣಕ್ಕೆ ಬಂದು ತೆಲುಗು ಶಾಲೆ ಸೇರಿ ಹತ್ತರಲ್ಲಿ ಫೇಲಾದೆ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಅಪ್ಪ ರಿಟೈರಾಗಿ ಅಲ್ಲೇ ಊರ ಅಂಚಿನ ದುವ್ವಾಡದಲ್ಲಿ ಮನೆ ಮಾಡಿದರು. ಅವರ ಪಿಂಚಣಿ ಬರುವ ಬ್ಯಾಂಕಿನಲ್ಲಿ ಮೈಸೂರು ಕಡೆಯ ಆಫೀಸರೊಬ್ಬರಿದ್ದರು. ಕನ್ನಡ ಮಾತಾಡುವುದಕ್ಕಾಗಿಯೇ ಅಪ್ಪ ಅಲ್ಲಿಗೆ ಹೋಗಿ ಕೂರುತ್ತಿದ್ದರು. ಆ ಆಫೀಸರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅವರ ಮಗಳೇ ಅಕ್ಕ. ಕಲ್ಲುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಕಲ್ಲು ಕೊರೆಯುವ ಮೆಷಿನ್ ಇದೆ, ಹಿಡಿಯುವ ಕೈ ಬೇಕು ಅಂತ ಅಪ್ಪನಿಗೆ ಫೋನ್ ಬಂತು.

"ನಮ್ಮ ಹುಡುಗ ಅದಾನಲ್ರೀ," ಅಂದರು ಅಪ್ಪ. "ಓದೂದೊಂದ ಬಿಟ್ಟು ಏನ ಹೇಳಿದ್ರೂ ಮಾಡ್ತಾನ."

ಮೊದಲ ದಿನ ಭೀಮಿಲಿ ದಾರಿಯ ಕೆಂಪು ಮಣ್ಣಿನ ದಿಬ್ಬಗಳ ಹತ್ತಿರ ಹೋದೆವು. ಅಕ್ಕನ ಹತ್ತಿರ ಅನುಮತಿ ಪತ್ರ ಇತ್ತು. ಅಲ್ಲಿ ಮೆಷಿನ್ನಿಗೆ ಕೆಲಸವೇ ಇರಲಿಲ್ಲ. ಅಕ್ಕ ಮಣ್ಣಿನ ಗೋಡೆಯನ್ನು ನಯವಾಗಿ ಕೆರೆದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗಳನ್ನು ಒಂದರ ಮೇಲೊಂದು ಪದರಕ್ಕೆ ಒತ್ತಿ, ಕಂಪಾಸ್ ಹಿಡಿದು ನೋಡಿ ಬರೆದುಕೊಳ್ಳುತ್ತಿದ್ದರು. ಕಂಪಾಸಿನ ಮುಳ್ಳು ಹುಚ್ಚು ಹಿಡಿದ ಹಾಗೆ ನನ್ನ ಕಡೆಗೇ ತಿರುಗುತ್ತಿತ್ತು.

"ನಿನ್ನ ಕೈಲಿರೋ ಕಬ್ಬಿಣದ ಕಡಗ ಬಿಚ್ಚಿಡು ಮಾರಾಯ," ಅಂದರು ಅಕ್ಕ. "ಈ ಮುಳ್ಳು ನಿನ್ನನ್ನೇ ಉತ್ತರ ಅಂದ್ಕೊಂಡಿದೆ."

ಬಿಚ್ಚಿಟ್ಟೆ. ಆವತ್ತಿನಿಂದ ಅವರ ಜೊತೆ ಹೋದ ದಿನವೆಲ್ಲ ಕಡಗ ಮನೆಯಲ್ಲೇ.

ಮಣ್ಣಿಗೆ ಡಬ್ಬಿ ಒತ್ತುವುದು ಯಾಕೆ ಅಂತ ಕೇಳಿದೆ. ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಭೂಮಿಯೇ ಒಂದು ಅಯಸ್ಕಾಂತ. ಕಲ್ಲಿನಲ್ಲಿ, ಮಣ್ಣಿನಲ್ಲಿ ಕಬ್ಬಿಣದ ಸಣ್ಣ ಕಣಗಳಿರುತ್ತವೆ. ಮಣ್ಣು ಪದರವಾಗಿ ಕೂರುವಾಗ, ಕರಗಿದ ಕಲ್ಲು ತಣ್ಣಗಾಗುವಾಗ, ಆ ಕಣಗಳು ಆವತ್ತಿನ ಉತ್ತರ ಎಲ್ಲಿತ್ತೋ ಆ ಕಡೆ ಮುಖ ಮಾಡಿ ಹಾಗೇ ಬಿಗಿದುಕೊಳ್ಳುತ್ತವೆ. ಭೂಮಿಯ ಉತ್ತರ ದಕ್ಷಿಣಗಳು ಎಷ್ಟೋ ಸಲ ಅದಲುಬದಲಾಗಿವೆಯಂತೆ. ಯಾವ ಪದರದಲ್ಲಿ ಮುಖ ತಿರುಗಿದೆ ಅಂತ ನೋಡಿದರೆ ಆ ಪದರ ಯಾವ ಕಾಲದ್ದು ಅಂತ ಹೇಳಬಹುದು.

ಇದು ವಯಸ್ಸಿನ ಮಾತು. ಅಕ್ಕನಿಗೆ ನಿಜವಾಗಿ ಬೇಕಿದ್ದದ್ದು ಇನ್ನೊಂದು. ಅದನ್ನು ಅವರು ಒಂದು ಟಿಫಿನ್ ಹೋಟೆಲಿನಲ್ಲಿ ಹೇಳಿದರು. ನಾನು ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಮುಂದಿಟ್ಟುಕೊಂಡು ಕೈ ತೊಳೆಯುವುದಕ್ಕೆ ಹೋಗಿದ್ದೆ. ಬಂದು ನೋಡಿದರೆ ಶುಂಠಿ ಚಟ್ನಿ ಪ್ಲೇಟಿನ ಆ ಕಡೆ ಇತ್ತು.

"ಯಾರ್ ತಿರುಗಿಸಿದ್ರೀ ಇದನ್ನ?"

"ನಾನೇ. ತಿರುಗಿದೆ ಅಂತ ಹೇಗೆ ಗೊತ್ತಾಯ್ತು?"

"ಚಟ್ನಿ ನನ್ನ ಕಡೆ ಇತ್ತಲ್ರೀ."

"ಅಷ್ಟೇ ಕಣೋ ನನ್ನ ಥೀಸಿಸ್ಸು," ಅಂದರು. "ಕಲ್ಲಿನೊಳಗಿನ ಮುಖ ಚಟ್ನಿ. ಅದು ಇರಬೇಕಾದ ಕಡೆ ಇಲ್ಲ ಅಂದ್ರೆ ನೆಲಾನೇ ತಿರುಗಿದೆ."

ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಬೆಟ್ಟಗಳ ಸಾಲಿದೆಯಲ್ಲ, ಅದು ಇಡಿಯಾಗಿ ಒಂದೇ ತುಂಡಾಗಿ ಕೂತಿದೆಯೋ ಅಥವಾ ವಿಜಯವಾಡದ ತುದಿ ಬೇರೆಯಾಗಿ ಸ್ವಲ್ಪ ತಿರುಗಿಕೊಂಡಿದೆಯೋ, ಇದು ಅವರ ಪ್ರಶ್ನೆ. ತಿರುಗಿದೆ ಅಂತ ಅವರ ಅಂದಾಜು. ಅವರ ಗೈಡ್ ಒಪ್ಪಿರಲಿಲ್ಲ. ತೋರಿಸು ಅಂದಿದ್ದರು.

ತೋರಿಸುವುದಕ್ಕೆ ಎರಡೂ ತುದಿಯಲ್ಲಿ ಒಂದೇ ಕಾಲದ ಕಲ್ಲು ಬೇಕು. ಹಳೆಯ ಬಂಡೆ ಸೀಳಿದ ಜಾಗದಲ್ಲಿ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ ಗೋಡೆಯ ಹಾಗೆ ನಿಂತಿರುತ್ತದೆ, ಕಪ್ಪಗೆ. ಡೈಕ್ ಅನ್ನುತ್ತಾರೆ. ವಿಶಾಖಪಟ್ಟಣದ ಕಡೆ ಅಂಥವು ಹಲವು ಸಿಕ್ಕವು. ನಾವಿಬ್ಬರೂ ವಾರಗಟ್ಟಲೆ ಕೊರೆದೆವು. ಪೆಟ್ರೋಲಿನ ಚಿಕ್ಕ ಮೆಷಿನ್, ಮುಂದೆ ಕೊರೆಯುವ ಬಿಟ್, ಒಳಗೆ ಬೆರಳು ಹೋಗುವಷ್ಟು ಟೊಳ್ಳು, ಗಿಡಕ್ಕೆ ಔಷಧಿ ಹೊಡೆಯುವ ಕ್ಯಾನಿನಿಂದ ನೀರು. ಗೇಣುದ್ದಕ್ಕಿಂತ ಕಡಿಮೆ ಕೊರೆದರೆ ಸಾಕು. ಕೊರೆದ ಮೇಲೆ ಕೋರ್ ಬುಡದಲ್ಲಿ ಬಂಡೆಗೆ ಅಂಟಿಕೊಂಡೇ ನಿಂತಿರಬೇಕು. ಅದರ ಸುತ್ತ ಹಿತ್ತಾಳೆ ಕೊಳವೆ ಇಳಿಸಿ, ಕೊಳವೆಯ ತಲೆಯ ಮೇಲಿರುವ ಕಂಪಾಸ್ ನೋಡಿ ದಿಕ್ಕು, ಓರೆ ಎರಡನ್ನೂ ಬರೆದುಕೊಳ್ಳಬೇಕು. ಕೊಳವೆಯ ಪಕ್ಕದಲ್ಲಿ ಉದ್ದಕ್ಕೆ ಸೀಳು ಇರುತ್ತದೆ. ಅದರೊಳಗೆ ಹಿತ್ತಾಳೆ ತಂತಿ ತೂರಿಸಿ ಕೋರಿನ ಮೈಮೇಲೆ ಒಂದು ಗೆರೆ ಎಳೆಯಬೇಕು. ಆಮೇಲೆಯೇ ಮುರಿದು ತೆಗೆಯಬೇಕು. ಆ ಗೆರೆ ಇಲ್ಲದಿದ್ದರೆ ಕೋರ್ ಬಂಡೆಯೊಳಗೆ ಯಾವ ಮಗ್ಗುಲಾಗಿ ಕೂತಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪ್ಲೇಟಿನಿಂದ ಚಟ್ನಿಯನ್ನು ಎತ್ತಿ ಬೇರೆ ಬಟ್ಟಲಿಗೆ ಹಾಕಿದ ಹಾಗೆ.

ಆ ಇಕ್ಕಟ್ಟಿನಲ್ಲಿ ತಂತಿ ಆಡುವುದು ಕಷ್ಟ. ಗೆರೆ ಸೊಟ್ಟಗೆ, ತಡೆತಡೆದು ಬರುತ್ತದೆ. ಅಕ್ಕ ಎಳೆದರೂ ಅಷ್ಟೇ, ನಾನು ಎಳೆದರೂ ಅಷ್ಟೇ.

ಒಂದು ಮಾತನ್ನು ಅವರು ಮೊದಲ ದಿನವೇ ಹೇಳಿದ್ದರು. "ಗೆರೆ ಎಳೆಯೋಕ್ ಮುಂಚೆ ಕೋರ್ ಮುರಿದ್ರೆ ಬಿಟ್ಟುಬಿಡು. ಪಕ್ಕದಲ್ಲಿ ಬೇರೆ ಕೊರಿ. ಮುರಿದದ್ದು ನಂಗೆ ಬೇಡ."

ವಿಜಯವಾಡದ ತುದಿಯಲ್ಲಿ ಡೈಕ್ ಸಿಗುವುದು ಕಷ್ಟವಾಯಿತು. ಸಿಕ್ಕವೆಲ್ಲ ಕೊಳೆತು ಕೈಯಲ್ಲೇ ಉದುರುತ್ತಿದ್ದವು. ಕೊನೆಗೆ ಕೊಂಡಪಲ್ಲಿಯಿಂದ ಆಚೆ ಒಂದು ಗುಡ್ಡದಲ್ಲಿ ಒಂದೇ ಒಂದು ಗಟ್ಟಿಯಾದದ್ದು ಕಾಣಿಸಿತು. ರಸ್ತೆಗೆ ಜಲ್ಲಿ ಬೇಕು ಅಂತ ಆ ಗುಡ್ಡವನ್ನು ಕಡಿಯುತ್ತಿದ್ದರು. ಕಡಿದದ್ದರಿಂದಲೇ ಅದು ಕಾಣಿಸಿದ್ದು. ಅಕ್ಕನಿಗೆ ಅದು ಗೊತ್ತಾಗುವ ಹೊತ್ತಿಗೆ ಅರ್ಧ ಗುಡ್ಡ ಹೋಗಿತ್ತು.

ನಾವು ಹೋದ ದಿನ ಮೇ ತಿಂಗಳ ಬಿಸಿಲು. ಕ್ವಾರಿಯ ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಆದರೆ ಅವನ ಮೇಲೂ ಯಜಮಾನರಿದ್ದರು.

"ರೆಂಡು ಗಂಟಲಕು ಬ್ಲಾಸ್ಟಿಂಗ್ ಅಮ್ಮಾ. ಒಂಟಿ ಗಂಟಕಲ್ಲಾ ದಿಗಿಪೋವಾಲಿ," ಅಂದ. ಮಧ್ಯಾಹ್ನ ಒಂದು ಹೊಡೆಯುವುದರೊಳಗೆ ಕೆಳಗಿಳಿಯಬೇಕು, ಎರಡಕ್ಕೆ ಸಿಡಿಸುತ್ತೇವೆ ಅಂತ. ಆವತ್ತಿನ ಸಿಡಿತಕ್ಕೆ ನಮ್ಮ ಕಪ್ಪು ಕಲ್ಲೇ ಬೀಳುವುದಿತ್ತು.

ಅಕ್ಕ ಮೊದಲ ಕೋರ್ ನನ್ನ ಜೊತೆ ನಿಂತು ತೆಗೆದರು. ಅದು ಸರಿಯಾಗಿ ಬಂತು. ಆಮೇಲೆ ಇನ್ನೊಂದು ದಿನ ಕೊಡಿ ಅಂತ ಯಜಮಾನರಿಗೆ ಫೋನ್ ಮಾಡಿಸಲು ಕೆಳಗೆ ಶೆಡ್ಡಿಗೆ ಹೋದರು. ಹೋಗುವಾಗ ನೋಟ್‌ಬುಕ್, ಕಂಪಾಸ್, ತಂತಿ ನನ್ನ ಕೈಗೆ ಕೊಟ್ಟರು.

"ಎಂಟೊಂಬತ್ತು ಮಾಡು. ನಿಂಗೆಲ್ಲಾ ಬರತ್ತೆ ಈಗ. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿದೆ."

ಎರಡನೆಯದೂ ನಿಂತಿತು. ಮೂರನೆಯದು ಮುರಿಯಿತು. ಮುರಿದರೆ ಕೈಗೇ ಗೊತ್ತಾಗುತ್ತದೆ, ಬಿಟ್ಟಿನೊಳಗೆ ಕೋರ್ ಗಿರ್ರನೆ ಸುತ್ತುತ್ತದೆ. ಪಕ್ಕದಲ್ಲಿ ಕೊರೆದೆ. ಅದೂ ಮುರಿಯಿತು. ದಿನಾ ಸಿಡಿಸಿ ಸಿಡಿಸಿ ಬಂಡೆಯೊಳಗೆಲ್ಲ ಬಿರುಕು. ಮತ್ತೆ ಕೊರೆದೆ, ಮತ್ತೆ ಮುರಿಯಿತು. ಕ್ಯಾನಿನಲ್ಲಿ ನೀರು ಅರ್ಧಕ್ಕೆ ಬಂದಿತ್ತು. ಗಂಟೆ ಹನ್ನೆರಡಾಗುತ್ತಿತ್ತು. ಮೆಷಿನ್ನಿನ ಬಿಸಿ, ಬಂಡೆಯ ಬಿಸಿ, ತಲೆಯ ಮೇಲಿನ ಬಿಸಿ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಿದರೆ ಕಲ್ಲಿನ ಮೇಲೆ.

ಮುರಿದ ತುಂಡು ಕೈಯಲ್ಲಿತ್ತು. ಕಪ್ಪಗೆ, ನುಣ್ಣಗೆ, ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಖಾಲಿ ತೂತಿಗೆ ಕೊಳವೆ ಇಳಿಸಿ ಕಂಪಾಸ್ ನೋಡಿ ಬರೆದೆ. ಆ ಅಂಕಿಗಳು ಸರಿಯೇ. ಆಮೇಲೆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಮೇಲಿನ ಮಗ್ಗುಲು ಇದೇ ಇರಬೇಕು ಅಂತ ಅಂದಾಜು ಮಾಡಿ, ತಂತಿಯಿಂದ ಗೆರೆ ಎಳೆದೆ. ಬಿಡುವಾಗಿ ಎಳೆದದ್ದರಿಂದ ಗೆರೆ ನೆಟ್ಟಗೆ ಬಂತು.

ಒಂದು ಮಾಡಿದ ಮೇಲೆ ಎರಡನೆಯದು ಸಲೀಸಾಯಿತು. ಹೀಗೆ ಐದು. ನಡುನಡುವೆ ಇನ್ನೆರಡು ತಾವಾಗಿಯೇ ಸರಿಯಾಗಿ ನಿಂತವು. ಒಟ್ಟು ಒಂಬತ್ತು. ನಾಲ್ಕು ನಿಜದ್ದು, ಐದು ನನ್ನದು.

ನಾಲ್ಕೇ ಆಯಿತು ಅಕ್ಕಾ, ಉಳಿದದ್ದು ಮುರಿಯಿತು ಅಂತ ಹೇಳಬಹುದಿತ್ತು. ಹೇಳುವುದಕ್ಕೆ ನಾಚಿಕೆಯಾಯಿತು. ನಿನ್ನ ಕೈ ಚೆನ್ನಾಗಿದೆ ಅಂದವರ ಮುಂದೆ ಹೋಗಿ ಮುರಿದೆ ಅನ್ನುವುದು ಹೇಗೆ? ಒಂದು ಗೆರೆ ತಾನೇ, ಹೆಚ್ಚುಕಡಿಮೆ ಆದರೆ ಏನಾಗುತ್ತದೆ ಅಂತಲೂ ಅನ್ನಿಸಿತ್ತು. ನಮ್ಮ ಕೆಲಸದಲ್ಲಿ ಬೆರಳಗಲ ಆಚೀಚೆ ಆದರೆ ಸಿಮೆಂಟ್ ಮೆತ್ತುತ್ತಾರೆ.

ಅಕ್ಕ ಬೆವರುತ್ತ ಮೇಲೆ ಬಂದರು. ಇನ್ನೊಂದು ದಿನ ಸಿಕ್ಕಿರಲಿಲ್ಲ.

"ಎಷ್ಟಾಯ್ತೋ?"

"ಒಂಬತ್ ಆದವ್ರೀ ಅಕ್ಕಾ."

"ಒಂಬತ್ತಾ!" ಅಂತ ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂದಿತ್ತೋ ಬೆವರೋ ತಿಳಿಯಲಿಲ್ಲ. ಒಂದೊಂದನ್ನೂ ಪೇಪರಿನಲ್ಲಿ ಸುತ್ತುವಾಗ ಒಂದನ್ನು ಬೆಳಕಿಗೆ ಹಿಡಿದರು. "ಈ ಗೆರೆ ನೋಡು. ಸ್ಕೇಲ್ ಇಟ್ಟ ಹಾಗಿದೆ. ನನಗೆ ಜನ್ಮದಲ್ಲಿ ಹೀಗೆ ಬರಲ್ಲ."

ನಾನು ಮೆಷಿನ್ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

ಎರಡು ಗಂಟೆಗೆ ನಾವು ರಸ್ತೆ ಬದಿ ಬಸ್ಸಿಗೆ ನಿಂತಿದ್ದೆವು. ಸದ್ದು ಕೇಳಿಸಿತು, ಧೂಳು ಎದ್ದಿತು. ಅಕ್ಕ ಬ್ಯಾಗನ್ನು ಎದೆಗೆ ಒತ್ತಿಕೊಂಡರು. "ಹೋಗ್ಲಿ ಬಿಡು. ನಮ್ದು ಇಲ್ಲಿದೆ," ಅಂದರು.

ನಾನು ಪರವಾಡದ ಗೋಡೆಗಳಿಗೆ ವಾಪಸಾದೆ. ನಾಲ್ಕು ತಿಂಗಳಾದ ಮೇಲೆ ಫೋನ್ ಬಂತು. ದನಿ ಸಣ್ಣಗಿತ್ತು.

"ಕೊಂಡಪಲ್ಲೀದು ಚೆಲ್ಲಾಪಿಲ್ಲಿ ಬಂದಿದೆ ಕಣೋ. ಒಂದೊಂದು ಒಂದೊಂದು ದಿಕ್ಕು ತೋರಿಸ್ತಿದೆ. ಆವತ್ತು ಯಾವುದಾದ್ರೂ ಮುರೀತಾ?"

"ಇಲ್ರೀ ಅಕ್ಕಾ."

"ಕಡಗ ಹಾಕಿರಲಿಲ್ಲ ತಾನೇ?"

"ಇಲ್ರೀ. ಮನ್ಯಾಗ ಬಿಟ್ಟಿದ್ದೆ."

ಎರಡನೆಯದು ನಿಜ. ಆ ನಿಜವನ್ನು ಹಿಡಿದುಕೊಂಡು ಎಷ್ಟೋ ದಿನ ತಿರುಗಾಡಿದೆ.

ಮುಂದಿನ ವರ್ಷ ಅಪ್ಪನ ಹೆಸರಿಗೆ ಪೋಸ್ಟಿನಲ್ಲಿ ದಪ್ಪ ಪುಸ್ತಕ ಬಂತು. ಅಕ್ಕನ ಥೀಸಿಸ್. ಡಿಗ್ರಿ ಬಂದಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಇಂಗ್ಲಿಷನ್ನು ಬೆರಳಿಟ್ಟು ಓದಿದರು. ಮೊದಲ ಪುಟಗಳಲ್ಲಿ ಒಂದು ಸಾಲು ನನಗಾಗಿ ಇತ್ತು. ಎಚ್ಚರದ ಕೈಯಿಂದ ಕೊರೆದುಕೊಟ್ಟ ತಮ್ಮನಿಗೆ ಅಂತ. ಅಪ್ಪ ಅದನ್ನು ಎರಡು ಸಲ ಓದಿ ಅವ್ವನನ್ನೂ ಕರೆದು ಕೇಳಿಸಿದರು. ಆಮೇಲೆ ಹಾಳೆ ತಿರುವುತ್ತ ಕೊಂಡಪಲ್ಲಿ ಅನ್ನುವ ಹೆಸರು ಕಂಡು ನಿಂತರು.

"ಇಲ್ಲಿ ನೋಡಲೇ. ಈ ಜಾಗದ ಕಲ್ಲು ಲೆಕ್ಕಕ್ಕ ಹಿಡದಿಲ್ಲ ಅಂತ ಬರದಾಳ. ಸಿಡಿಲು ಬಡದಿರಬೇಕು, ಅದಕ್ಕ ದಿಕ್ಕು ಕೆಟ್ಟಾವು ಅಂತ. ಆ ತುದಿ ತಿರಿಗೈತೋ ಇಲ್ಲೋ ಹೇಳಾಕ ಬರೂದಿಲ್ಲ ಅಂತ."

ಅಪ್ಪ ಆ ಸಾಲಿನ ಮೇಲಿಂದ ಬೆರಳು ತೆಗೆಯಲಿಲ್ಲ.

"ಸಿಡಿಲು ಬಡದ್ರ ಹಡಗಿನ ಕಂಪಾಸೂ ಕೆಡ್ತೈತಿ, ಖರೆ ಅದು. ನೀ ಇದ್ದೆಲ್ಲ ಅಲ್ಲಿ. ಕಲ್ಲಿನ ಮ್ಯಾಲೆ ಸುಟ್ಟದ್ದು, ಕರಗಿದ್ದು ಏನರ ಕಂಡಿತ್ತೇನು?"

"ಇಲ್ಲ."

ಅಪ್ಪ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ಹಡಗಿನಲ್ಲಿ ಇಪ್ಪತ್ತು ವರ್ಷ ಹುಡುಗರನ್ನು ನೋಡಿದವರು. "ಏನ್ ಮಾಡೀಯಲೇ?" ಅಂದರು.

ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗಿ ಹೇಳಿ ಬಾ. ಫೋನಿನ್ಯಾಗ ಅಲ್ಲ, ಎದುರಿಗೆ," ಅಂದರು. ನಾನು ಅದಕ್ಕೂ ಎರಡು ತಿಂಗಳು ತಡ ಮಾಡಿದೆ. ಫ್ಯಾಕ್ಟರಿಯಲ್ಲಿ ಕೆಲಸ ಜಾಸ್ತಿ ಅಂದೆ. ಅಪ್ಪ ದಿನಾ ಊಟಕ್ಕೆ ಕೂತಾಗ ಆ ಪುಸ್ತಕವನ್ನು ಟಿವಿ ಪಕ್ಕದಿಂದ ತೆಗೆದು ನನ್ನ ತಟ್ಟೆಯ ಪಕ್ಕ ಇಡುತ್ತಿದ್ದರು.

ಒಂದು ಭಾನುವಾರ ದುವ್ವಾಡದಲ್ಲಿ ರೈಲು ಹತ್ತಿ ವಿಜಯವಾಡಕ್ಕೆ ಹೋದೆ. ಅಕ್ಕ ಈಗ ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಮನೆಯಲ್ಲಿ ಒಬ್ಬರೇ ಇದ್ದರು. "ಏನೋ ಇದು, ಹೇಳ್ದೆ ಕೇಳ್ದೆ!" ಅಂತ ನಕ್ಕು ನೀರು ತಂದರು. ನಾನು ಲೋಟ ಹಿಡಿದುಕೊಂಡು ನಿಂತೇ ಹೇಳಿಬಿಟ್ಟೆ.

ಅವರು ಕುರ್ಚಿ ಎಳೆದುಕೊಂಡು ಕೂತರು.

"ಮೊದಲು ನಿನ್ನ ಮೇಲೇ ಅನುಮಾನ ಬಂದಿತ್ತು," ಅಂದರು ಆಮೇಲೆ. "ಗೆರೆಗಳನ್ನ ತೆಗೆದು ನೋಡ್ದೆ. ಅಷ್ಟು ನೆಟ್ಟಗಿತ್ತು. ಇಷ್ಟು ಶ್ರದ್ಧೆಯಿಂದ ಮಾಡಿದವನನ್ನ ಅನುಮಾನಿಸಿದೆನಲ್ಲ ಅಂತ ನಾಚಿಕೆ ಆಯ್ತು ನಂಗೆ."

ನಾನು ಲೋಟ ಕೆಳಗಿಟ್ಟೆ.

"ಯಾವ ಯಾವ ನಂಬರ್?"

"ನಂಬರ್ ನೆನಪಿಲ್ರೀ. ಗೆರಿ ಚಂದ ಇದ್ದದ್ದೆಲ್ಲಾ ನಂದು. ಸೊಟ್ಟ ಇದ್ದದ್ದು ಖರೇದು."

ಬಾಲ್ಕನಿಯಿಂದ ಅವರು ಒಂದು ಚಪ್ಪಲಿ ಡಬ್ಬ ತಂದರು. ಅಳೆಯುವುದಕ್ಕೆ ಕೋರುಗಳನ್ನು ಕತ್ತರಿಸಿದ ಮೇಲೆ ಉಳಿದ ತುದಿಗಳು ಅದರಲ್ಲಿದ್ದವು. ಒಂದೊಂದರ ಮೈಮೇಲೆ ನಂಬರ್, ಪಕ್ಕದಲ್ಲಿ ಗೆರೆಯ ಚೂರು. ನೆಲದ ಮೇಲೆ ಕೂತು ಬೇರೆ ಮಾಡಿದೆ. ನೆಟ್ಟಗಿನವು ಐದು ಈ ಕಡೆ, ಸೊಟ್ಟಗಿನವು ನಾಲ್ಕು ಆ ಕಡೆ. ಅಕ್ಕ ಲ್ಯಾಪ್‌ಟಾಪ್ ತೆಗೆದು ಐದು ನಂಬರುಗಳನ್ನು ಅಳಿಸಿದರು.

ಪರದೆಯ ಮೇಲೆ ಒಂದು ವೃತ್ತ ಇತ್ತು, ಅದರೊಳಗೆ ಒಂದೊಂದು ಕೋರಿನ ದಿಕ್ಕಿಗೆ ಒಂದೊಂದು ಚುಕ್ಕಿ. ಒಂದು ಕಡೆ ವಿಶಾಖಪಟ್ಟಣದ ಚುಕ್ಕಿಗಳು ಗುಂಪಾಗಿದ್ದವು. ಉಳಿದ ನಾಲ್ಕು ಚುಕ್ಕಿಗಳು ಅವುಗಳಿಂದ ಹೆಬ್ಬೆರಳಗಲ ದೂರದಲ್ಲಿ, ಸಕ್ಕರೆ ಹರಳಿಗೆ ಕೂತ ಇರುವೆಗಳ ಹಾಗೆ ಒಂದೇ ಕಡೆ ಕೂತವು. ನನ್ನಂಥವನಿಗೂ ಗೊತ್ತಾಗುವಷ್ಟು ಸ್ಪಷ್ಟ.

"ತಿರುಗಿದೆ," ಅಂದರು ಅಕ್ಕ. ನನಗೆ ಹೇಳಿದ್ದಲ್ಲ.

ನನಗೆ ಉಸಿರು ಬಂತು. "ಹಂಗಾರ ಈಗ ಹೇಳಬಹುದಲ್ರೀ ಅಕ್ಕಾ, ಎಲ್ಲಾರಿಗೂ?"

"ಅಳೆಯೋಕ್ ಮುಂಚೆ ನೀನು ಹೇಳಿದ್ದಿದ್ರೆ ಐದನ್ನ ಬಿಸಾಕಿ ನಾಲ್ಕು ಇಟ್ಕೋತಿದ್ದೆ. ನಾಲ್ಕು ಸಾಕಿತ್ತು. ಈಗ ಉತ್ತರ ಏನು ಬಂದಿದೆ ಅಂತ ನಂಗೆ ಗೊತ್ತು. ಗೊತ್ತಿದ್ದು, ನಂಗೆ ಬೇಕಾದ ನಾಲ್ಕನ್ನ ಆರಿಸ್ಕೊಂಡೆ ಅಂತಾರೆ. ಬೇರೆ ಯಾರಾದ್ರೂ ಹೀಗೆ ಬರೆದ್ರೆ ನಾನೂ ಅದನ್ನೇ ಅಂತೀನಿ."

"ನಾ ಬಂದು ಹೇಳ್ತೀನ್ರೀ."

"ಏನಂತ? ಗೆರೆ ಚೆನ್ನಾಗಿರೋದೆಲ್ಲ ಸುಳ್ಳು ಅಂತಾನಾ?"

"ಹಂಗಾದ್ರ ಮತ್ತೊಮ್ಮೆ ಕೊರೆಯೂಣು. ನೀರು ಜಾಸ್ತಿ ಒಯ್ಯೂಣು. ಒಂದ ದಿನದಾಗ..."

"ಎಲ್ಲಿ?" ಅಂದರು ಅಕ್ಕ.

ಆ ಜಾಗದಲ್ಲಿ ಈಗ ಹಳ್ಳ ಇದೆ. ನಮ್ಮ ಕಪ್ಪು ಕಲ್ಲು ಯಾವುದೋ ರಸ್ತೆಯ ಕೆಳಗೆ ಜಲ್ಲಿಯಾಗಿ ಬಿದ್ದಿದೆ. ಅದರ ಒಂದೊಂದು ಚೂರಿನೊಳಗೂ ಆ ದಿಕ್ಕು ಇನ್ನೂ ಇದೆ, ಯಾವ ಉಪಯೋಗಕ್ಕೂ ಬರುವುದಿಲ್ಲ.

ಅಕ್ಕ ಎದ್ದು ಒಳಗೆ ಹೋದರು. ಹೊರಡು ಅನ್ನುತ್ತಾರೆ ಅಂದುಕೊಂಡೆ. ಆವತ್ತಿನ ನೋಟ್‌ಬುಕ್ ಹಿಡಿದು ಬಂದರು. ಬೆವರು ಬಿದ್ದು ಅಂಚು ಉಬ್ಬಿತ್ತು. ಕೊಂಡಪಲ್ಲಿಯ ಪುಟ ತೆಗೆದು ನನ್ನ ಮುಂದಿಟ್ಟರು. ಒಂಬತ್ತು ಸಾಲು ಅಂಕಿಗಳು, ಎಂಟು ನನ್ನ ಕೈಯವು. ಕೆಳಗೆ ಅರ್ಧ ಪುಟ ಖಾಲಿ ಇತ್ತು.

"ಥೀಸಿಸ್ ತಿದ್ದೋಕಾಗಲ್ಲ. ಇದಾದ್ರೂ ಸರಿ ಇರ್ಲಿ. ನಾಳೆ ಯಾರಾದ್ರೂ ತೆಗೆದು ನೋಡಿದ್ರೆ ಸಿಡಿಲು ಅಂದ್ಕೋಬಾರದು. ಬರಿ."

"ಕನ್ನಡದಾಗ ಬರೀಲೇನ್ರೀ? ಇಂಗ್ಲಿಷ್ ಬರೂದಿಲ್ಲ."

"ನಿಂಗೆ ಬರೋದ್ರಲ್ಲಿ ಬರಿ."

ಪೆನ್ನು ತೆಗೆದುಕೊಂಡೆ. ಬಹಳ ವರ್ಷಗಳಿಂದ ಕನ್ನಡ ಬರೆದಿರಲಿಲ್ಲ. 3, 4, 5, 7, 8 ಇವು ಗೆರೆ ಎಳೆಯುವ ಮೊದಲೇ ಮುರಿದಿದ್ದವು, ಅಂದಾಜಿನ ಮೇಲೆ ಗೆರೆ ಎಳೆದವನು ನಾನು, ಅಕ್ಕನಿಗೆ ಗೊತ್ತಿರಲಿಲ್ಲ, ಅಂತ ಬರೆದೆ. ಅಕ್ಷರ ಸೊಟ್ಟಗೆ, ತಡೆತಡೆದು ಬಂದವು. ಕೆಳಗೆ ರುಜು ಹಾಕಿದೆ. ಪಕ್ಕದಲ್ಲಿ ತಾರೀಕು ಹಾಕುವುದಕ್ಕೆ ಪುಟದ ತಲೆಯಲ್ಲಿದ್ದ ಮೇ ತಿಂಗಳ ತಾರೀಕನ್ನೇ ನೋಡಿ ಇಳಿಸತೊಡಗಿದೆ.

ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು.

"ಅದಲ್ಲ," ಅಂದರು. "ಇವತ್ತಿನದು ಹಾಕು."